ಐದು ಪ್ರಶ್ನಾರ್ಥಕ ಚಿಹ್ನೆ

ನೀಲಿ ಬಳೆ ಅವರ ಕನ್ನಡಕದಲ್ಲೂ ತಿರುಗುತ್ತಿದೆ, ಎರಡು ಗಾಜು, ಎರಡು ಬಳೆ, ಕಂಪ್ಯೂಟರ್ ಪರದೆಯ ಮೇಲಿರುವುದು ಒಂದೇ, ಅದೂ ತೊಟ್ಟಿಲ ಕೂಸಿನ ಕೈಗೆ ಆಗುವಷ್ಟು, ತಿರುಗುತ್ತದೆ, ನಿಲ್ಲುತ್ತದೆ, ಏನೋ ಮರೆತು ಬಂದವರ ಹಾಗೆ ಮತ್ತೆ ಹೊರಡುತ್ತದೆ — ಆದರೂ ರಿಪೇರಿಗೆ ಬಂದಿರುವ ಇವರ ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲವಲ್ಲ, ನಾನಾಗಿದ್ದರೆ ಇಷ್ಟು ಹೊತ್ತಿಗೆ ಮೇಜು ಕುಟ್ಟುತ್ತಿದ್ದೆ, ಹೋದ ವಾರ ಬಂದಿದ್ದ ಕಂಪ್ಯೂಟರ್ ಅಂಗಡಿಯವನು ಕುಟ್ಟಿಯೇ ಬಿಟ್ಟ, ಡಬ್ಬದ ನೆತ್ತಿಗೆ ಎರಡು ಏಟು ಹಾಕಿ, ಇದು ಉದ್ಧಾರ ಆಗಲ್ಲ ಮೇಡಂ, ಎಲ್ಲಾ ಅಳಿಸಿ ಹೊಸದಾಗಿ ಮಾಡ್ಬಿಡೋಣ ಅಂದ, ಅಳಿಸುವುದು ಅವನಿಗೆ ಎಷ್ಟು ಸಲೀಸು, ನನ್ನ ಕಣ್ಣಿಗೆ ತಕ್ಕ ಹಾಗೆ ಹಿಗ್ಗಿಸಿದ ಅಕ್ಷರ, ನನ್ನ ಕೈ ನಡುಗಿದರೂ ಓಡಿಹೋಗದ ಹಾಗೆ ನಿಧಾನ ಮಾಡಿಟ್ಟ ಬಾಣ, ನಾನು ಬೇರೆ ಯಂತ್ರದಲ್ಲಿ ಕಲಿಯುತ್ತಾ ಕಲಿಯುತ್ತಾ ಎಳೆದು ಇದಕ್ಕೆ ತಂದಿಟ್ಟುಕೊಂಡ ಓರೆಕೋರೆ ವೃತ್ತಗಳು, ಎಲ್ಲ ಅದರೊಳಗಿವೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು, ಕೇಳಲೂ ಇಲ್ಲ — ಇವರು ಅಳಿಸುವ ಮಾತೇ ಎತ್ತಿಲ್ಲ, ಬೆಳಗಿನಿಂದ ಎಷ್ಟೋ ಸಲ ಆ ಹೊಸ ಸಾಫ್ಟ್‌ವೇರ್ ಮುಕ್ಕಾಲು ದಾರಿ ಹೋಗಿ, ಮುಖ ತಿರುಗಿಸಿಕೊಂಡು ವಾಪಸ್ ಬಂದಿದೆ, ಪರವಾಗಿಲ್ಲ ಬಿಡಮ್ಮ, ಎಲ್ಲಿ ಎಡವುತ್ತೆ ಅಂತ ನೋಡ್ಬೇಕಾದ್ರೆ ಇನ್ನೊಂದ್ಸಲ ನಡೆಸ್ಬೇಕು ತಾನೆ, ಎನ್ನುತ್ತಾರೆ, ನನಗೆ ಹೇಳಿದ್ದೋ ಯಂತ್ರಕ್ಕೆ ಹೇಳಿದ್ದೋ, ಅಷ್ಟು ಮೆತ್ತಗೆ.

ರೀಸ್ಟಾರ್ಟ್ ಸಾಹೇಬ್ರು ಬಂದರು ಎಂದು ಬೆಳಿಗ್ಗೆ ಮೆಟ್ಟಿಲ ಹತ್ತಿರ ಯಾರೋ ಕೂಗಿದಾಗ ನನಗೆ ನಗು ಬಂತು, ಏನೇ ಹೇಳಿದರೂ ಒಂದ್ಸಲ ರೀಸ್ಟಾರ್ಟ್ ಮಾಡೋಣ ಎನ್ನುತ್ತಾರೆ ಎಂದು ಆ ಹೆಸರು, ಅವರ ಮನೆಯಲ್ಲಿ ಹೆಂಡತಿ ಮುನಿಸಿಕೊಂಡ್ರೂ ಹಾಗೇ ಅಂತಾರಂತೆ ಅಜ್ಜಿ, ಎಂದು ನಮ್ಮ ಎಂಜಿನಿಯರಮ್ಮ ನನ್ನ ಕಿವಿಯಲ್ಲಿ ಹೇಳಿದಳು, ನಾನು ಸುಮ್ನಿರೇ ಅಂದೆ, ಅವರಿಗೆ ಕೇಳಿಸಿತ್ತು, ಹೌದಮ್ಮ, ಅಲ್ಲಿ ಮಾತ್ರ ಅದು ಕೆಲಸ ಮಾಡಲ್ಲ ನೋಡಿ, ಅಂದರು, ದಪ್ಪ ಮೈ, ಮೆಟ್ಟಿಲು ಹತ್ತಿದ ಏದುಸಿರು, ಮೊದಲು ಹೋಗಿ ಕೈ ತೊಳೆದು ಬಂದರು, ಬೇರೆಯವರ ಕೀಬೋರ್ಡ್ ಮುಟ್ಟೋದಲ್ವಾ, ಕೈಗಡಿಯಾರ ಬಿಚ್ಚಿ ಕರವಸ್ತ್ರದ ಮೇಲಿಟ್ಟರು, ಆಮೇಲೆ ನಿಂತೇ ಇದ್ದಾರೆ, ಏನು ಎಂದು ನೋಡಿದರೆ, ಕೂತ್ಕೊಳ್ಳಲಾಮ್ಮ, ನಿಮ್ಮ ಕುರ್ಚಿ ಅಲ್ವಾ, ಎನ್ನುತ್ತಾರೆ. ಈ ಆಫೀಸಿನಲ್ಲಿ ನನ್ನ ಕುರ್ಚಿಯಲ್ಲಿ ಯಾರು ಯಾರೋ ಕೂತಿದ್ದಾರೆ, ಟಿಫಿನ್ ಡಬ್ಬ ಕೂತಿದೆ, ಹೆಲ್ಮೆಟ್ ಕೂತಿದೆ, ಕೇಳಿ ಕೂತವರು ಇವರೊಬ್ಬರೇ, ಕೂತ ಮೇಲೆ ಅವರ ಮಂಡಿ ಮೇಜಿಗೆ ತಾಗುತ್ತಿತ್ತು, ಕುರ್ಚಿಯ ಎತ್ತರ ಬದಲಿಸಬೇಕು, ಬದಲಿಸುವ ಮೊದಲು ಪೆನ್ಸಿಲಿನಿಂದ ಅದರ ಕಾಲಿನ ಮೇಲೆ ಸಣ್ಣ ಗೀಟು ಹಾಕಿಕೊಂಡರು, ಯಾಕಪ್ಪ ಎಂದು ಕೇಳಲಿಲ್ಲ, ನನಗೆ ಗೊತ್ತಾಯಿತು, ವಾಪಸ್ ನನ್ನ ಎತ್ತರಕ್ಕೇ ಇಟ್ಟು ಹೋಗುವುದಕ್ಕೆ, ಐವತ್ತು ದಾಟಿದ ಮನುಷ್ಯ, ಊರ ತುಂಬ ಕಂಪ್ಯೂಟರು ರಿಪೇರಿ ಮಾಡಿಕೊಂಡು ಓಡಾಡುವವರು, ಒಂದು ಮುದುಕಿಯ ಕುರ್ಚಿಯ ಎತ್ತರ ಅವರಿಗೆ ನೆನಪಿರಬೇಕು.

ಬಾಗಿಲ ಹತ್ತಿರ ಆ ಉದ್ದನೆಯ ರಟ್ಟಿನ ಕೊಳವೆ ಗೋಡೆಗೆ ಒರಗಿ ನಿಂತಿದೆ, ಅದನ್ನು ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತದೆ, ಅದರೊಳಗೆ ಊರಿಗೆ ನೀರೆತ್ತುವ ಪಂಪಿನ ಹಳೆಯ ನಕ್ಷೆಗಳು, ಪಂಪನ್ನು ಹೊಸದಾಗಿ ಮಾಡಿಸಲು ಅವನ್ನೀಗ ಕಂಪ್ಯೂಟರಿನಲ್ಲಿ ಎಳೆಯಬೇಕು, ಸಂಜೆ ಕೊರಿಯರಿನವನು ಬಂದರೆ ಎತ್ತಿಕೊಂಡು ಹೋಗುತ್ತಾನೆ, ಯಜಮಾನರು ನಿನ್ನೆಯೇ ಹೇಳಿದ್ದರು, ಆಂಟಿ, ನಾಳೆ ಸಂಜೆವರೆಗೂ ನೋಡ್ತೀನಿ, ನಿಮ್ಮ ಮಷೀನಲ್ಲಿ ಡ್ರಾಯಿಂಗ್ ಸಾಫ್ಟ್‌ವೇರ್ ಕೂತ್ಕೊಂಡ್ರೆ ನೀವೇ ಮಾಡಿ, ಇಲ್ಲ ಅಂದ್ರೆ ಸ್ಕ್ಯಾನ್ ಮಾಡೋರಿಗೆ ಹೊರಗೆ ಕೊಟ್ಬಿಡ್ತೀನಿ, ನೀರಿನ ಇಲಾಖೆಯವರು ಎಷ್ಟು ದಿನ ಕಾಯ್ತಾರೆ ಹೇಳಿ, ದಿಬ್ಬದ ಮೇಲಿನ ಬೀದಿಗಳಿಗೆ ನೀರು ಹತ್ತುತ್ತಿಲ್ಲ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಚಡ್ಡಿ ಹಾಕಿಕೊಂಡು ನನ್ನ ಡ್ರಾಯಿಂಗ್ ಬೋರ್ಡಿನ ಕೆಳಗೆ ಕೂತು ಬಣ್ಣ ಹಚ್ಚುತ್ತಿದ್ದ ಹುಡುಗ ಅವನು, ಅವರಪ್ಪನ ಕಾಲದಿಂದ ನಾನು ಇಲ್ಲಿದ್ದೇನೆ, ಈಗ ಬೇರೆಯವರ ಎದುರಿಗೆ ನನ್ನನ್ನು ಮೇಡಂ ಎನ್ನುತ್ತಾನೆ, ನಾನೂ ಯಜಮಾನರು ಎನ್ನುತ್ತೇನೆ, ಇಬ್ಬರಿಗೂ ಒಳಗೊಳಗೇ ನಗು. ಆದರೆ ಅವನು ಹೇಳಿದ್ದು ಸರಿ, ನೀರು ಕಾಯುವುದಿಲ್ಲ, ಮೇಲಿನ ಬೀದಿಯಲ್ಲೇ ನನ್ನ ಮಗಳ ಮನೆ, ಬಕೆಟ್ ಹೊತ್ತು ಸೊಂಟ ಹೋಯ್ತಮ್ಮ, ನಿನ್ನ ಪಂಪು ಯಾವಾಗ ರೆಡಿಯಾಗುತ್ತೆ ಎಂದು ಅಣಕಿಸುತ್ತಾಳೆ, ನನ್ನ ಪಂಪು, ಅವಳು ತಮಾಷೆಗೆ ಹೇಳಿದರೂ ನನ್ನದೇ ಹೌದು.

ಇಪ್ಪತ್ತಮೂರು ವರ್ಷ ಆಗ ನನಗೆ, ಕಾಲೇಜು ಮುಗಿಸಿ ಬಂದವಳು, ನಕ್ಷೆಗಾರರ ಕೋಣೆಯಲ್ಲಿ ನಾನೊಬ್ಬಳೇ ಹೆಂಗಸು, ಟ್ರೇಸಿಂಗ್ ಬಟ್ಟೆಯ ಮೇಲೆ ಶಾಯಿಯಲ್ಲಿ ಆ ಪಂಪಿನ ರೆಕ್ಕೆಗಾಲಿ ಎಳೆಯುವುದು, ಗಾಲಿ ಎಂದರೆ ನೀರನ್ನು ತಿರುಗಿಸಿ ಮೇಲಕ್ಕೆ ಎಸೆಯುವ ಚಕ್ರ, ಬಾಗಿದ ರೆಕ್ಕೆಗಳು, ಒಂದೊಂದು ಬಾಗಿಗೂ ಉಸಿರು ಬಿಗಿಹಿಡಿಯಬೇಕು, ಕೊನೆಯ ರೆಕ್ಕೆಗೆ ಬಂದಾಗ ಪೆನ್ನಿನಿಂದ ಶಾಯಿ ತೊಟಕ್ಕೆಂದು ಬಿತ್ತು, ಇಷ್ಟಗಲ, ಇಡೀ ಕೋಣೆ ತಿರುಗಿ ನೋಡಿತು, ಹೆಡ್ ಡ್ರಾಫ್ಟ್ಸ್‌ಮನ್ ಎದ್ದು ಬಂದರು, ಈಗ ಬಯ್ಯುತ್ತಾರೆ ಎಂದು ನಾನು ತಲೆ ತಗ್ಗಿಸಿದರೆ, ಅವರು ಶಾಯಿ ಹೀರುವ ಒತ್ತುಕಾಗದ ಇಟ್ಟು, ಒಣಗುವವರೆಗೆ ಹವಾಮಾನದ ಮಾತಾಡಿ, ಬ್ಲೇಡಿನಿಂದ ಒಂದೇ ದಿಕ್ಕಿಗೆ ಕೆರೆದು ಕೆರೆದು, ಬಟ್ಟೆಗೂ ಕುಡಿಯೋ ಆಸೆ ಆಗಿತ್ತು ಕಣಮ್ಮ ಅಂದರು, ಅಷ್ಟೇ — ಕೆರೆದ ಕಡೆ ಗೆರೆ ಇನ್ನೂ ಮಸುಕಾಗಿ ಕಾಣುತ್ತದೆ, ಸ್ಕ್ಯಾನ್ ಮಾಡಿದರೆ ಅದೂ ಬರುತ್ತದೆ, ಅಸಲು ಗೆರೆಯೂ ಬರುತ್ತದೆ, ಯಾವುದನ್ನು ಬಿಡಬೇಕು ಎಂದು ಸ್ಕ್ಯಾನಿನವರು ಫೋನು ಮಾಡಿ ಕೇಳಬೇಕು, ನಾನು ಹೇಳಬೇಕು, ಹೇಳುತ್ತೇನೆ, ಹೇಳುವುದರಲ್ಲೇನಿದೆ, ಪಂಪು ಹೇಗೂ ತಯಾರಾಗುತ್ತದೆ, ಊರಿಗೆ ನೀರು ಹೇಗೂ ಹತ್ತುತ್ತದೆ. ಆದರೆ ನನಗೆ ಅದನ್ನು ಎಳೆಯಬೇಕು. ಇನ್ನೊಂದು ಸಲ. ಶಾಯಿಯಲ್ಲಿ ಎಳೆದದ್ದನ್ನು ಬೆಳಕಿನಲ್ಲಿ ಎಳೆಯಬೇಕು, ತಿರುಗಿಸಿ ಅದರ ಬೆನ್ನು ನೋಡಬೇಕು, ಕಾಗದದ ಮೇಲೆ ಯಾವತ್ತೂ ಅದರ ಬೆನ್ನು ಕಂಡಿರಲಿಲ್ಲ, ಎಂಜಿನಿಯರಮ್ಮ ತನ್ನ ಯಂತ್ರದಲ್ಲಿ ಯಾವುದೋ ಗಾಲಿಯನ್ನು ಬೆರಳ ತುದಿಯಲ್ಲಿ ತಿರುಗಿಸಿ ತೋರಿಸಿದ ದಿನ ನನ್ನ ಬಾಯಿಂದ ಅಯ್ಯೋ ಎಂದು ಹೊರಟಿತ್ತು, ಸಣ್ಣ ಹುಡುಗಿಯ ಹಾಗೆ, ಅವತ್ತಿನಿಂದ ಊಟದ ಬಿಡುವಿನಲ್ಲಿ ಅವಳು ತನ್ನ ಕುರ್ಚಿ ಬಿಟ್ಟುಕೊಟ್ಟು, ಕಿಟಕಿ ಕಟ್ಟೆಯ ಮೇಲೆ ಕೂತು ತಿನ್ನುತ್ತಾ ನನಗೆ ಕಲಿಸಿದಳು, ಇಡೀ ದಿನ ಅವಳಿಗೆ ಅವಳ ಕೆಲಸವೇ ಬೆಟ್ಟದಷ್ಟು, ಆ ಸಾಫ್ಟ್‌ವೇರಿನ ಪರವಾನಗಿಯೂ ಒಂದು ಯಂತ್ರಕ್ಕೆ ಒಂದು, ಹಾಗಾಗಿಯೇ ನನಗೆ ಈ ಹೊಸ ಕಂಪ್ಯೂಟರು, ಹಾಗಾಗಿಯೇ ಇದು ಕೂರಬೇಕು, ಕೂತರೆ ನಾನು, ಕೂರದಿದ್ದರೆ ಕೊಳವೆ ಹೊರಗೆ.

ಹಸಿರು ಪಟ್ಟಿ ತೆವಳುತ್ತಿದೆ, ಅರ್ಧ, ಅರ್ಧಕ್ಕಿಂತ ಮುಂದೆ, ಈಗ ಇವರು ಅದನ್ನು ಮಾಡುತ್ತಾರೆ, ಪ್ರತಿ ಸಲವೂ ಮಾಡುತ್ತಾರೆ, ಪಟ್ಟಿ ಮುಕ್ಕಾಲು ದಾಟುತ್ತಲೇ ಎರಡೂ ಕೈಗಳನ್ನು ಕೀಬೋರ್ಡಿನಿಂದ ಮೇಲಕ್ಕೆತ್ತಿ, ಬೆರಳು ಸ್ವಲ್ಪ ಬಿಡಿಸಿ, ಗಾಳಿಯಲ್ಲಿ ಹಾಗೆಯೇ ಹಿಡಿದು ಕೂರುತ್ತಾರೆ, ಎಲ್ಲಿ ನೋಡಿದ್ದೇನೆ ಇದನ್ನು, ಎಲ್ಲಿ — ಆಗ ತಾನೇ ನಿದ್ದೆ ಹೋದ ಕೂಸನ್ನು ಹಾಸಿಗೆಗೆ ಇಳಿಸಿ ಕೈ ಬಿಡಿಸಿಕೊಂಡವರು ಹಾಗೆ ನಿಲ್ಲುತ್ತಾರೆ, ಕೈ ವಾಪಸ್ ತೆಗೆದುಕೊಳ್ಳುವುದಕ್ಕೂ ಹೆದರಿಕೆ, ನಮ್ಮವರು ಹಾಗೆಯೇ ನಿಲ್ಲುತ್ತಿದ್ದರು, ಮಗಳನ್ನು ಮಲಗಿಸಿ, ಕತ್ತಲಲ್ಲಿ ಎರಡು ಕೈ ಎತ್ತಿಕೊಂಡು, ಕಳ್ಳ ಸಿಕ್ಕಿಬಿದ್ದ ಹಾಗೆ, ಹೋದರು, ಅವರೂ ಹೋಗಿ ಎಷ್ಟು ಕಾಲವಾಯಿತು — ಎತ್ತಿದ ಕೈ, ನಾನೂ ಉಸಿರು ಬಿಗಿಹಿಡಿದೆ, ಪಟ್ಟಿ ನಿಂತಿತು, ಟಣ್ ಎಂದಿತು, ಕೆಂಪು ಪೆಟ್ಟಿಗೆ, ಇನ್‌ಸ್ಟಾಲ್ ಆಗಲಿಲ್ಲ, ಕೆಳಗೆ ಅದೇ ನಂಬರು, ಸಾವಿರದ ಆರುನೂರ ಮೂರು, ಕನಸಿನಲ್ಲೂ ಬರುತ್ತದೆ ಈಗ ನನಗೆ ಅದು. ಈ ನಂಬರಿಗೆ ಏನಪ್ಪ ಅರ್ಥ ಅಂದೆ. ಏನೂ ಇಲ್ಲಮ್ಮ, ಮೈಗೆ ಹುಷಾರಿಲ್ಲ ಅಂತ ಹೇಳುತ್ತೆ, ಎಲ್ಲಿ ನೋವು ಅಂತ ಹೇಳಲ್ಲ, ಮಕ್ಕಳ ಹಾಗೆ, ಹೊಟ್ಟೆ ಒತ್ತಿ ನೋಡ್ಬೇಕು, ತಲೆ ಮುಟ್ಟಿ ನೋಡ್ಬೇಕು. ಒತ್ತಿ ನೋಡಿದ್ದಾರೆ, ಮುಟ್ಟಿ ನೋಡಿದ್ದಾರೆ, ವೈರಸ್ ಕಾಯುವ ಕಾವಲುಗಾರನನ್ನು ಸ್ವಲ್ಪ ಹೊತ್ತು ಮಲಗಿಸಿ ನೋಡಿದರು, ಹಿಂದಿನ ಸಲಗಳ ಮುರುಕು ಚೂರುಗಳನ್ನೆಲ್ಲ ಮೂಲೆ ಮೂಲೆಯಿಂದ ಗುಡಿಸಿದರು, ಈ ಸಾಫ್ಟ್‌ವೇರ್ ಬರಬೇಕಾದರೆ ಅದಕ್ಕಿಂತ ಮೊದಲು ಬಂದು ಕೂರಬೇಕಾದ ಚಿಕ್ಕ ಚಿಕ್ಕ ಬಳಗವಿದೆಯಂತೆ, ಅದನ್ನೆಲ್ಲ ಕಳಿಸಿ ಮತ್ತೆ ಕರೆದರು, ಚಿತ್ರ ತೋರಿಸುವ ಕಾರ್ಡಿನ ಡ್ರೈವರ್ ಹೊಸದು ಹಾಕಿದರು, ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ವಾಸಿಯಾಯ್ತು ಅಂತ ಗೊತ್ತಾಗಲ್ವಲ್ಲಮ್ಮ, ಮುಂದಿನವರಿಗೆ ಏನು ಹೇಳೋದು, ಮುಂದಿನವರು ಯಾರು, ಎಲ್ಲೋ ಇನ್ನೊಂದು ಆಫೀಸಿನಲ್ಲಿ ಹೀಗೇ ಕೂತು ಕಾಯುತ್ತಿರುವ ಇನ್ನೊಬ್ಬರು, ಅವರ ಮೇಲೂ ಈಗಲೇ ಇವರಿಗೆ ಕನಿಕರ.

ಟೀ ಬಂದಿತ್ತು, ಆರಿತು, ಯಜಮಾನರು ಬಾಗಿಲಲ್ಲಿ ಇಣುಕಿ, ಏನ್ ಸಾಹೇಬ್ರೇ, ಬದುಕುತ್ತಾ, ಅಂದರು, ನಾಡಿ ಸಿಕ್ಕಿದೆ ಸರ್, ಜ್ವರ ಎಲ್ಲಿಂದ ಅಂತ ನೋಡ್ತಾ ಇದೀನಿ, ಕೊರಿಯರಿನವನಿಗೆ ಫೋನ್ ಮಾಡಿಬಿಡ್ಲಾ, ಮಾಡಿ ಸರ್, ಅವನು ಬರೋಷ್ಟರಲ್ಲಿ ಇದೂ ಬಂದ್ರೆ ಅವನಿಗೊಂದು ಟೀ ಕೊಟ್ಟು ಕಳಿಸೋಣ — ಎಷ್ಟು ಹಗುರಾಗಿ ಹೇಳಿದರು, ನನ್ನ ಎದೆ ಮಾತ್ರ ಹಗುರಾಗಲಿಲ್ಲ, ಎಂಜಿನಿಯರಮ್ಮ ತನ್ನ ಜಾಗದಲ್ಲಿ ಕೂತು ಉಗುರು ಕಚ್ಚುತ್ತಿದ್ದಾಳೆ, ಮನೆಯಲ್ಲಿ ಮಗಳು ಉಗುರು ಕಚ್ಚಿದರೆ ಬಯ್ಯುತ್ತೇನೆ ಎಂದು ಮೊನ್ನೆ ತಾನೇ ಹೇಳುತ್ತಿದ್ದಳು. ಸಾಹೇಬ್ರು ಈಗ ಬೇರೆ ಏನೋ ತೆರೆದರು, ಪರದೆ ತುಂಬ ಸಾಸಿವೆ ಚೆಲ್ಲಿದ ಹಾಗೆ ಅಕ್ಷರ, ಇದೇನಪ್ಪ, ಲಾಗ್ ಅಮ್ಮ, ಇನ್‌ಸ್ಟಾಲ್ ಆಗೋವಾಗ ಅದು ತನ್ನಷ್ಟಕ್ಕೆ ಗೊಣಗ್ತಾ ಇರುತ್ತೆ, ಇಲ್ಲಿಗೆ ಹೋದೆ, ಇದನ್ನ ಎತ್ತಿಟ್ಟೆ, ಇದು ಸಿಗ್ಲಿಲ್ಲ ಅಂತ, ಅದೆಲ್ಲ ಇದು, ಯಾರೂ ಓದಲ್ಲ. ಇವರು ಓದುತ್ತಾರೆ. ಕೊನೆಯಿಂದ ಮೇಲಕ್ಕೆ ಓದುತ್ತಾರೆ, ಕೊನೇಲಿ ಬರೀ ಅಳು ಇರುತ್ತೆ, ಬಿದ್ದಿದ್ದು ಎಲ್ಲೋ ಮೇಲೆ ಇರುತ್ತೆ, ಬೆರಳನ್ನು ಪರದೆಗೆ ತಾಗಿಸದೆ, ಒಂದು ಕೂದಲೆಳೆ ದೂರದಲ್ಲಿ, ಸಾಲು ಸಾಲಾಗಿ ಮೇಲಕ್ಕೆ, ತುಟಿ ಸಣ್ಣಗೆ ಅಲುಗುತ್ತದೆ, ಯಂತ್ರದ ಗೊಣಗಾಟವನ್ನು ಇಷ್ಟು ಶ್ರದ್ಧೆಯಿಂದ ಕೇಳಿಸಿಕೊಳ್ಳುವ ಈ ಮನುಷ್ಯ ಮನೆಯಲ್ಲಿ ಹೆಂಡತಿಯ ಮಾತನ್ನೂ ಹೀಗೇ ಕೇಳುತ್ತಾರೇನೋ, ಕೇಳಿದರೆ ಅವಳು ಪುಣ್ಯವಂತೆ, ಮುನಿಸಿಕೊಳ್ಳುವುದು ಬರೀ ಆಟಕ್ಕೆ — ಬೆರಳು ನಿಂತಿತು.

ಈ ಐದು ಪ್ರಶ್ನಾರ್ಥಕ ಚಿಹ್ನೆ ಯಾರಮ್ಮ? ಅಂದರು. ಏನು ಎಂದಲ್ಲ, ಯಾರು ಎಂದು. ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದೆ, ಇಂಗ್ಲಿಷಿನ ಒಂದು ಉದ್ದ ಸಾಲು, ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು, ನಡುವೆ ಸಾಲಾಗಿ ಐದು ಕೊಕ್ಕೆ, ಐದು ಚುಕ್ಕಿ, ?????, ಇಲ್ಲಿ ಈ ಕಂಪ್ಯೂಟರ್ ಯಾರದ್ದು ಅಂತ ಹೆಸರು ಇರ್ಬೇಕು, ಸಾಮಾನೆಲ್ಲ ಮೊದಲು ಅವರ ಮನೆಗೆ ತಂದು ಇಳಿಸಿ, ಆಮೇಲೆ ಜೋಡಿಸೋದು ಇದರ ಪದ್ಧತಿ, ಇದಕ್ಕೆ ಮನೆ ಹೆಸರು ಓದೋಕೇ ಬಂದಿಲ್ಲ, ಬಾಗಿಲಿಗೆ ಬಂದು ಬಂದು ವಾಪಸ್ ಹೋಗಿದೆ, ಅಂದರು. ಆದ್ರೆ ಹೆಸರು ಡಿಸೈನ್ ಎರಡು ಅಂತಲ್ವಾ, ಅಂದೆ ನಾನು, ಬೆಳಿಗ್ಗೆ ಆನ್ ಮಾಡಿದರೆ ಹಾಗೇ ಬರುತ್ತದೆ, ಇಂಗ್ಲಿಷಿನಲ್ಲಿ. ಅದು ಆಮೇಲೆ ಬದಲಾಯಿಸಿದ್ದು ಅನ್ಸುತ್ತಮ್ಮ, ಬಾಗಿಲಿನ ಬೋರ್ಡ್ ಬದಲಾಯಿಸಿದ್ರೂ ಒಳಗಡೆ ಮೊದಲನೇ ಹೆಸರೇ ಉಳ್ಕೊಳ್ಳುತ್ತೆ, ಅಂದು ಇನ್ನೊಂದು ಕಿಟಕಿ ತೆರೆದರು, ಫೋಲ್ಡರುಗಳ ಸಾಲು, ಅಲ್ಲಿ, ಹಳದಿ ಚೌಕದ ಪಕ್ಕ, ದುಂಡಗೆ, ಕನ್ನಡದಲ್ಲಿ, ಅಜ್ಜಿ.

ಅಜ್ಜಿ. ನಾನು. ಎಂಜಿನಿಯರಮ್ಮನ ಕುರ್ಚಿ ಕಿರ್ ಎಂದು ಹಿಂದೆ ಸರಿದದ್ದು ಕೇಳಿಸಿತು, ಅವಳು ಎದ್ದು ನಿಂತಿದ್ದಾಳೆ, ಮುಖದಲ್ಲಿ ರಕ್ತ ಇಲ್ಲ — ಕಂಪ್ಯೂಟರು ಪೆಟ್ಟಿಗೆಯಿಂದ ಹೊರಗೆ ಬಂದ ದಿನ, ಥರ್ಮಾಕೋಲ್ ಚೂರು ಅವಳ ಕೂದಲ ತುಂಬ, ಅಜ್ಜಿ, ಇದು ಮೊದಲು ನಿಮ್ಮ ಹೆಸರು ಕೇಳ್ತಾ ಇದೆ, ಏನು ಹಾಕ್ಲಿ, ಏನಾದ್ರೂ ಹಾಕೇ, ಹಾಗಾದ್ರೆ ಅಜ್ಜಿ ಅಂತ್ಲೇ ಹಾಕ್ತೀನಿ, ಕನ್ನಡದಲ್ಲೇ, ದಿನಾ ಬೆಳಿಗ್ಗೆ ಆನ್ ಮಾಡಿದಾಗ ಅಜ್ಜಿ, ಸ್ವಾಗತ ಅಂತ ಬರ್ಬೇಕು ನಿಮಗೆ, ಬಂದಿತ್ತು, ದೊಡ್ಡ ಅಕ್ಷರದಲ್ಲಿ, ಇಷ್ಟು ವರ್ಷ ಕೆಲಸ ಮಾಡಿದ ಕಡೆ ಒಂದು ಯಂತ್ರ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು, ಎರಡೇ ದಿನ, ಆಮೇಲೆ ಯಜಮಾನರು ಅತ್ತ ಹಾದುಹೋಗುವಾಗ ನೋಡಿ, ಏನಮ್ಮ ಇದು, ನಾಳೆ ಗಿರಾಕಿ ಯಾರಾದ್ರೂ ನೋಡಿದ್ರೆ, ಆಫೀಸಲ್ಲಿ ಅಜ್ಜಿ ಗಿಜ್ಜಿ ಎಲ್ಲಾ ಬೇಡ, ಅಂದಿದ್ದರು, ಅವಳು ತಕ್ಷಣ ಬದಲಾಯಿಸಿದಳು, ಬೋರ್ಡು ಮಾತ್ರ ಬದಲಾಯಿತು ಎಂದು ಯಾರಿಗೆ ಗೊತ್ತಿತ್ತು. ನನ್ನಿಂದಾನೇ ಆಗಿದ್ದಾ ಸರ್ ಇಷ್ಟೆಲ್ಲಾ, ಎಂದು ಅವಳ ಧ್ವನಿ, ಎರಡು ವಾರ ಹಾಳಾಯ್ತಲ್ಲ, ಯಜಮಾನರಿಗೆ ಗೊತ್ತಾದ್ರೆ ನನ್ನನ್ನ ಹರಿದು ಹಾಕ್ತಾರೆ, ಈಗಾಗ್ಲೇ ಮಗಳಿಗೆ ಹುಷಾರಿಲ್ಲ ಅಂತ ರಜಾ ಹಾಕಿದ್ದಕ್ಕೆ ಗರಂ ಆಗಿದಾರೆ, ಇನ್ನೊಂದು ಇಂಗ್ಲಿಷ್ ಹೆಸರಲ್ಲಿ ಹೊಸದು ಮಾಡಿ ಇದನ್ನ ಅಳಿಸ್ಬಿಡಿ ಸರ್. ಸಾಹೇಬ್ರು ಅವಳ ಕಡೆ ತಿರುಗಲೂ ಇಲ್ಲ, ತಿರುಗಿದ್ದರೆ ಅವಳು ಅತ್ತುಬಿಡುತ್ತಿದ್ದಳು ಎಂದು ಅವರಿಗೆ ಹೊಳೆದಿರಬೇಕು, ಪರದೆಯನ್ನೇ ನೋಡುತ್ತಾ, ಯಾಕಮ್ಮ ಅಳಿಸೋದು, ಚೆನ್ನಾಗಿದೆಯಲ್ಲ ಹೆಸರು, ಅಂದರು. ಎರಡೇ ಅಕ್ಷರಕ್ಕೆ ಐದು ಪ್ರಶ್ನೆ ಯಾಕಪ್ಪ, ಅಂದೆ ನಾನು, ಅವಳನ್ನು ಆ ಯೋಚನೆಯಿಂದ ಬಿಡಿಸಬೇಕಿತ್ತು, ಮಾತು ಬೇರೆ ಕಡೆ ಹೋಗಬೇಕಿತ್ತು, ಅವರೂ ತಕ್ಷಣ ಹಿಡಿದುಕೊಂಡರು, ನಿಮಗೆ ಎರಡು ಅಮ್ಮ, ಇದು ಬಿಡಿಸಿ ಎಣಿಸುತ್ತೆ, ಅ ಒಂದು, ಜ ಒಂದು, ಒತ್ತಕ್ಷರಕ್ಕೆ ಗಂಟು ಹಾಕೋ ಕೊಂಡಿ ಒಂದು, ಕೆಳಗಿನ ಜ ಒಂದು, ಗುಡಿಸು ಒಂದು, ಐದು ಆಯ್ತಲ್ಲ, ಐದಕ್ಕೂ ಇದಕ್ಕೆ ಯಾರು ಏನು ಅಂತ ಗೊತ್ತಾಗ್ಲಿಲ್ಲ, ಎಂದು ಬೆರಳು ಮಡಿಸಿ ತೋರಿಸಿದರು, ಅಂಗನವಾಡಿಯ ಮಗುವಿಗೆ ತೋರಿಸುವ ಹಾಗಲ್ಲ, ಜೊತೆ ಕೆಲಸದವರಿಗೆ ತೋರಿಸುವ ಹಾಗೆ, ನನಗೆ ಎಂಥ ಖುಷಿ, ನನ್ನನ್ನು ಬಿಡಿಸಿ ನೋಡಿದರೆ ಐದು, ಮಗಳು ದಿನಾ ಕೇಳುವುದೂ ಸುಮಾರು ಅಷ್ಟೇ ಪ್ರಶ್ನೆ, ಈ ವಯಸ್ಸಲ್ಲಿ ನಿಂಗ್ಯಾಕಮ್ಮ ಇದೆಲ್ಲ ಎಂಬುದರಿಂದ ಶುರು.

ಅಜ್ಜಿ ತಮ್ಮ ಮನೇಲಿ ತಾವಿರ್ಲಿ, ಸಾಮಾನು ಇಳಿಸೋಕೆ ಮಾತ್ರ ಆಚೆ ಒಂದು ಖೋಲಿ ಕೊಡೋಣ, ಅಂದರು, ಎಲ್ಲ ಫೋಲ್ಡರುಗಳಿಂದ ಹೊರಗೆ ಬಂದು ಖಾಲಿ ಫೋಲ್ಡರ್ ಒಂದನ್ನು ಮಾಡಿ, ಅದಕ್ಕೆ ಇಂಗ್ಲಿಷಿನ ಟಿ ಎಂಬ ಒಂದೇ ಅಕ್ಷರದ ಹೆಸರಿಟ್ಟು, ಇನ್ನು ಮುಂದೆ ತಾತ್ಕಾಲಿಕ ಸಾಮಾನೆಲ್ಲ ಇಲ್ಲಿಗೇ ತಾ ಎಂದು ಎಲ್ಲೋ ಒಳಗೆ ಬರೆದರು, ಎಷ್ಟು ಚಿಕ್ಕ ಕೆಲಸ, ಚಹಾ ಸೋಸುವಷ್ಟು ಹೊತ್ತು ಹಿಡಿಯಲಿಲ್ಲ, ಅದಕ್ಕೆ ಮುಂಚೆ ಹುಡುಕಿದ ಇಡೀ ದಿನ ಮಾತ್ರ ಇವರದು, ಆಮೇಲೆ, ಒಂದ್ಸಲ ರೀಸ್ಟಾರ್ಟ್ ಮಾಡೋಣ, ಅಂದರು, ಎಂಜಿನಿಯರಮ್ಮನಿಗೆ ನಗು ತಡೆಯಲಾಗಲಿಲ್ಲ, ಅಳುವ ಮೂಗಿನಲ್ಲೇ ನಕ್ಕಳು, ನಗಲಿ ಎಂದೇ ಹೇಳಿದರೋ ಏನೋ. ಮತ್ತೆ ನೀಲಿ ಬಳೆ, ಮತ್ತೆ ಹಸಿರು ಪಟ್ಟಿ, ಈ ಸಲ ಅದು ತೆವಳುತ್ತಿಲ್ಲ, ನಡೆಯುತ್ತಿದೆ, ಮೆಟ್ಟಿಲಲ್ಲಿ ಬೂಟಿನ ಸದ್ದು, ಯಜಮಾನರದ್ದು, ಹಿಂದೆ ಇನ್ನೊಂದು ಜೊತೆ, ಕೊರಿಯರಿನವನು, ಅರ್ಧ, ಮುಕ್ಕಾಲು, ಎರಡು ಕೈ ಮೇಲೆದ್ದವು, ಬೆರಳು ಬಿಡಿಸಿ, ನಿದ್ದೆ ಹೋದ ಕೂಸಿನ ಮೇಲೆ, ಸದ್ದು ಮಾಡಬೇಡ್ರೋ ಎನ್ನಬೇಕೆನಿಸಿತು ಮೆಟ್ಟಿಲಿಗೆ, ಯಾವಾಗಲೂ ಬೀಳುವ ಜಾಗ ಬಂತು, ದಾಟಿತು, ದಾಟಿ ಹೋಯಿತು, ತುದಿ ಮುಟ್ಟಿತು, ಟಣ್ ಎನ್ನಲಿಲ್ಲ, ಏನೂ ಎನ್ನಲಿಲ್ಲ, ಒಂದು ಪುಟ್ಟ ಹಸಿರು ಗುರುತು ಅಷ್ಟೇ, ಕೈಗಳು ಇನ್ನೂ ಅಲ್ಲೇ, ಗಾಳಿಯಲ್ಲಿ.

ಆಯ್ತಾ, ಅಂದರು ಯಜಮಾನರು, ಆಯ್ತು ಸರ್, ಏನಾಗಿತ್ತು, ಎಂದು ಕೇಳಿಯೇ ಕೇಳುತ್ತಾರೆ ಎಂದು ನನಗೆ ಗೊತ್ತಿತ್ತು, ಎಂಜಿನಿಯರಮ್ಮನ ಕೈ ನಾನು ಪಕ್ಕದಲ್ಲಿ ಕೂತಿದ್ದ ಕುರ್ಚಿಯ ಬೆನ್ನು ಹಿಡಿದುಕೊಂಡಿತು, ತಾತ್ಕಾಲಿಕ ಫೋಲ್ಡರಿನ ದಾರಿ ಅದಕ್ಕೆ ಸಿಗ್ತಾ ಇರ್ಲಿಲ್ಲ ಸರ್, ಬೇರೆ ದಾರಿ ಮಾಡಿಕೊಟ್ಟೆ, ಯಾರು ಕೆಡಿಸಿದ್ದು ಅದನ್ನ, ಯಾರೂ ಕೆಡಿಸಿಲ್ಲ ಸರ್, ಇದನ್ನ ಬರೆದೋರು ಇದಕ್ಕೆ ಎಲ್ಲಾ ಭಾಷೆ ಓದೋಕೆ ಕಲಿಸಿಲ್ಲ, ಅರ್ಧ ವಿದ್ಯೆ ಕಲಿಸಿ ಕಳಿಸಿದಾರೆ, ಅಷ್ಟೇ. ಒಂದು ಸುಳ್ಳಿಲ್ಲ ಅದರಲ್ಲಿ, ತಿರುಗಿಸಿ ಮುರುಗಿಸಿ ನೋಡಿದೆ, ಒಂದೇ ಒಂದು ಸುಳ್ಳಿಲ್ಲ, ಆದರೂ ಅವಳ ಹೆಸರು ಎಲ್ಲೂ ಬರಲಿಲ್ಲ, ಕುರ್ಚಿಯ ಬೆನ್ನಿನ ಮೇಲಿನ ಬೆರಳು ಸಡಿಲವಾದದ್ದು ನನಗೆ ಗೊತ್ತಾಯಿತು, ಒಂದು ಸೂಕ್ಷ್ಮವನ್ನು ಹೀಗೆ ಅಂಗೈಯಲ್ಲಿ ಮುಚ್ಚಿ ದಾಟಿಸುವುದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ, ಯಜಮಾನರು ಹ್ಞೂಂ ಅಂದು, ಕೊರಿಯರಿನವನಿಗೆ, ಟೀ ಕುಡಿದು ಹೋಗಪ್ಪ, ಇವತ್ತು ಏನಿಲ್ಲ, ಎಂದು ಕೊಳವೆ ಎತ್ತಿ ತಂದು ನನ್ನ ಮೇಜಿನ ಮೇಲಿಟ್ಟು, ತಗೊಳ್ಳಿ ಮೇಡಂ, ನಿಮ್ಮ ಪಂಪು, ಒಂದು ಗೆರೆ ಎಳೆದು ತೋರಿಸಿ ನೋಡೋಣ, ನನಗೂ ನಂಬಿಕೆ ಬರ್ಲಿ, ಅಂದರು, ನಗುತ್ತಲೇ, ಆದರೆ ಅಲ್ಲಿಂದ ಹೋಗಲಿಲ್ಲ, ಕೈ ಕಟ್ಟಿಕೊಂಡು ನಿಂತರು.

ಸಾಹೇಬ್ರು ಎದ್ದು ಕುರ್ಚಿಯನ್ನು ಮತ್ತೆ ಗೀಟಿನವರೆಗೆ ಏರಿಸಿ, ಕೂತ್ಕೊಳ್ಳಿ ಅಮ್ಮ, ಅಂದರು, ತಾವು ಪಕ್ಕದಲ್ಲಿ ಮಂಡಿಯೂರಿ ಕೂತರು, ಆ ಮೈ ಹೊತ್ತುಕೊಂಡು, ಮೌಸು ಇನ್ನೂ ಬೆಚ್ಚಗಿದೆ, ಬಿಳಿ ಪರದೆ, ಖಾಲಿ, ಎಷ್ಟು ಖಾಲಿ, ಟ್ರೇಸಿಂಗ್ ಬಟ್ಟೆಯೂ ಇಷ್ಟು ಖಾಲಿ ಇರಲಿಲ್ಲ, ವೃತ್ತ ಎಲ್ಲಿತ್ತು, ಎಡಗಡೆ, ಮೂರನೆಯ ಗುರುತು, ಹೌದು, ಬಾಣ ಹೋಯಿತು, ದಾಟಿಹೋಯಿತು, ವಾಪಸ್ ಬಾ, ಮೂರು ಜನ ನೋಡುತ್ತಿದ್ದಾರೆ, ಒತ್ತಿದೆ, ಅದಲ್ಲ, ಅದು ಚೌಕ, ಅಯ್ಯೋ — ಈಗ ಬರುತ್ತದೆ, ಬರಲೇಬೇಕು, ಯಾವಾಗಲೂ ಬರುತ್ತದೆ, ಕೊಡಿ ಅಜ್ಜಿ ನಾನು ಮಾಡ್ತೀನಿ ಎಂದು ಒಂದು ಕೈ, ಬ್ಯಾಂಕಿನಲ್ಲಿ ಬರುತ್ತದೆ, ಫೋನು ಹಿಡಿದರೆ ಮಗಳದ್ದು ಬರುತ್ತದೆ, ಮೊಮ್ಮಗಳದ್ದು ಬರುತ್ತದೆ, ಪ್ರೀತಿಯಿಂದಲೇ ಬರುತ್ತದೆ, ಬಂದು ಕಸಿದುಕೊಳ್ಳುತ್ತದೆ, ಎಂಜಿನಿಯರಮ್ಮನ ಬಳೆ ನನ್ನ ಭುಜದ ಹತ್ತಿರ ಸದ್ದು ಮಾಡಿತು, ಯಜಮಾನರು ಗಂಟಲು ಸರಿಮಾಡಿಕೊಂಡರು, ನಾನು ಮೌಸನ್ನು ಅರ್ಧ ಬಿಟ್ಟುಕೊಟ್ಟೆ, ಅಭ್ಯಾಸ, ಕೈ ತಾನಾಗಿಯೇ ಬಿಟ್ಟುಕೊಡುತ್ತದೆ, ಪಕ್ಕಕ್ಕೆ ನೋಡಿದೆ — ಅಲ್ಲಿ ಸಾಹೇಬ್ರ ಎರಡು ಕೈ, ಮೇಜಿನ ಅಂಚಿನ ಮೇಲೆ, ಗಾಳಿಯಲ್ಲಿ, ಬೆರಳು ಬಿಡಿಸಿಕೊಂಡು, ಬರುತ್ತಿಲ್ಲ, ನಾನು ಕಾಯುತ್ತೇನೆ, ಬರುತ್ತಿಲ್ಲ, ಎಂಜಿನಿಯರಮ್ಮನ ಬಳೆಯೂ ಹಿಂದೆ ಸರಿಯಿತು, ನಾನು ಮೌಸನ್ನು ಮತ್ತೆ ಹಿಡಿದೆ, ನಡುವೆ ಒತ್ತಿ ಹೊರಕ್ಕೆ ಎಳೆದೆ, ದುಂಡಗೆ ಏನೋ ಹಿಗ್ಗುತ್ತಿದೆ, ಹಿಗ್ಗುತ್ತಿದೆ, ನನಗೆ ಅದು ಕಾಣುತ್ತಿಲ್ಲ, ಕಾಣುವುದು ಆ ಕೈಗಳು, ಎರಡು ದಪ್ಪ ಕೈ, ಬೆರಳು ಬಿಡಿಸಿ, ಮುಟ್ಟದೆ, ಮೇಲೆ, ಹ್ಞಾಂ, ಹಾಗೆಯೇ, ಕಸಿದುಕೊಳ್ಳದ ಆ ಕೈಗಳು.